ಹಳ್ಳದ ಪಾಲು

ಇಂದುಮತಿ ಅಕ್ಕೋರು ಮೈಮೇಲೆ ಸುರಿದುಕೊಂಡ ತಂಬಿಗೆ ನೀರು ಬಚ್ಚಲ ತೂತಿನಲ್ಲಿಳಿದು, ಗೋಡೆಯೊಳಗಿನ ಮರುಜಲ ಯಂತ್ರ ಹೊಕ್ಕು, ಅವರು ಸಾಬೂನು ಹಚ್ಚಿಕೊಳ್ಳುವಷ್ಟರಲ್ಲಿ ಶುಭ್ರವಾಗಿ ಹಂಡೆಗೆ ಮರಳಿತ್ತು. ಯಂತ್ರದೊಳಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಸೋಸುಪೊರೆಗಳಿದ್ದವು. ಕೊಳೆ, ಜಿಡ್ಡು, ಸಾಬೂನು ಅಲ್ಲೇ ಒಣಗಿ ಪುಡಿಯಾಗುತ್ತಿತ್ತು. ಹೊರಗಿನ ಗಟಾರಕ್ಕೆ ಒಂದು ಹನಿಯೂ ಹೋಗುತ್ತಿರಲಿಲ್ಲ. ನೆಲವಾಡ ಪಟ್ಟಣದ ಎರಡು ಸಾವಿರ ಮನೆಗಳಲ್ಲೂ ಈಗ ಇದೇ ಯಂತ್ರ.

ಅದೇನು ಸುಮ್ಮನೆ ಬಂದದ್ದಲ್ಲ. ಮೂವತ್ತೊಂದು ವರ್ಷ ಸರಕಾರಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರಿಗೆ ಊರಂಚಿನ ಜೊಂಡಿನ ಹಳ್ಳವೆಂದರೆ ಜೀವ. ಅದರ ದಂಡೆಗೆ ಇನ್ನೂರು ಹೊಳೆಮತ್ತಿ ಗಿಡ ನೆಟ್ಟು ಬೆಳೆಸಿದ್ದರು. ಜೊಂಡಿನಲ್ಲಿ ನೀರುಕೋಳಿ ಮರಿ ಮಾಡುತ್ತಿದ್ದವು. ಆದರೆ ಹಳ್ಳ ವರ್ಷವರ್ಷಕ್ಕೂ ಸೊರಗುತ್ತಿತ್ತು. ಆಗ ಜಲವಿಜ್ಞಾನಿ ಅಜಿತ ಉಪಾಧ್ಯೆ ತಮ್ಮ ಯಂತ್ರದೊಡನೆ ಬಂದರು. ಅವರ ವಾದ ಸರಳವಾಗಿತ್ತು: ಮನೆಗಳು ನೀರು ಉಳಿಸಿದರೆ ಕೊಳವೆಬಾವಿಗಳು ನಿಲ್ಲುತ್ತವೆ, ಅಂತರ್ಜಲ ಏರುತ್ತದೆ, ಬತ್ತಿದ ಸೆಲೆಗಳು ಮತ್ತೆ ಹಳ್ಳಕ್ಕೆ ಜಿನುಗುತ್ತವೆ.

ಅಕ್ಕೋರು ಹಿಗ್ಗಿ ಹೀರೇಕಾಯಿಯಾದರು. ಮನೆಮನೆ ಹತ್ತಿಳಿದು, ಒಂದು ಹನಿ ಚೆಲ್ಲಿದರೆ ಹಳ್ಳದ ಒಂದು ಕಪ್ಪೆ ಕೊಂದ ಲೆಕ್ಕ ಎಂದು ಎಲ್ಲರ ತಲೆ ತಿಂದರು. ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ ಊರ ತುಂಬ ಇರುವಾಗ ಒಲ್ಲೆ ಅನ್ನುವ ಧೈರ್ಯ ಯಾರಿಗಿದ್ದೀತು!

ಯಂತ್ರ ಬಂದ ಮೊದಲ ಬೇಸಗೆಯಲ್ಲೇ ಹಳ್ಳ ಪೂರ್ತಿ ಒಣಗಿತು. ಜೊಂಡು ಬೆಂದು ಮಲಗಿತು, ಹೊಳೆಮತ್ತಿಯ ಎಲೆಗಳು ಉದುರತೊಡಗಿದವು. ಅಕ್ಕೋರು ಉಪಾಧ್ಯೆಯವರನ್ನು ಅಲ್ಲಿಗೇ ಕರೆಸಿದರು.

"ಇದೇನಾತ್ರೀ ಉಪಾಧ್ಯೆ? ನೀರು ಉಳಿಸಂದ್ರಿ, ಉಳಿಸಿದ್ವಿ. ಹಳ್ಳ ಯಾಕ ಸತ್ತಹೋತು?"

ವಿಜ್ಞಾನಿ ಮೂರು ಕಡೆ ನೆಲ ಕೊರೆದು ನೋಡಿದರು. ಕೈಗೆ ಬಂದ ಒಣ ಮಣ್ಣನ್ನು ಪುಡಿ ಮಾಡುತ್ತ ಎದ್ದು ನಿಂತರು.

"ನಂದ ತಪ್ಪಾತ್ರೀ ಅಕ್ಕೋರ. ಇಲ್ಲಿ ಸೆಲಿ ಬತ್ತಿ ನಲವತ್ತು ವರ್ಷ ಆಗೇತಿ. ಇಷ್ಟ ದಿನ ಇದರಾಗ ಹರೀತಿದ್ದದ್ದು ಊರ ಬಚ್ಚಲ ನೀರು. ಗಟಾರದಿಂದ ಬರೂದು, ಜೊಂಡು ಅದನ್ನ ಸೋಸೂದು, ನಿಮ್ಮ ಗಿಡ ಕುಡಿಯೂದು. ಆ ನೀರನ್ನ ನಾವೀಗ ಗ್ವಾಡಿಯೊಳಗ ತಿರಗಸಾಕ ಹತ್ತೇವಿ."

ಅಕ್ಕೋರು ಕೇಳಿದರು: "ಸೆಲಿ ಮತ್ತ ಯಾವಾಗ ಬರ್ತಾವು?"

"ಮೂವತ್ತು ವರ್ಷಾದ್ರೂ ಬೇಕ್ರಿ."

"ಗಿಡಾ ಎಷ್ಟ ದಿನಾ ತಡೀತಾವು?"

"ಹದಿನೈದು ದಿನ. ಅದೂ ಬೇರಿಗೆ ಒಂದೀಟು ನೀರು ಸಿಕ್ರ."

ಎಪ್ಪತ್ತೊಂದರ ಮುದುಕಿ ದಂಡೆಯ ಮೇಲೆ ಕುಸಿದು ಕೂತು ಗಳಗಳನೆ ಅತ್ತರು. ತನ್ನ ಕೈಯಾರೆ ಕೊಂದೆನಲ್ಲ ಎಂಬ ಸಂಕಟ ಅವರನ್ನು ಹಿಂಡಿತು. ಅತ್ತು ಮುಗಿದ ಮೇಲೆ ಒಂದು ನಿರ್ಧಾರಕ್ಕೆ ಬಂದರು. ಮೊದಲು ತಮ್ಮ ಮನೆಯ ನೀರು ಬಿಡುವುದು, ಆಮೇಲೆ ಊರವರನ್ನು ಕೇಳುವುದು.

ಮರುದಿನ ಬೆಳಿಗ್ಗೆ ಯಂತ್ರ ನಿಲ್ಲಿಸಿ ಮಾಳಿಗೆಯ ಮೇಲಿನ ತೊಟ್ಟಿಯಲ್ಲಿ ಕೂಡಿಟ್ಟ ನೀರನ್ನೆಲ್ಲ ಗಟಾರಕ್ಕೆ ಹರಿಯಬಿಟ್ಟರು. ಯಂತ್ರ ಬಂದಾಗಿನಿಂದ ಒಣಗಿದ್ದ ಗಟಾರದಲ್ಲಿ ನೀರು ತಡವರಿಸುತ್ತ ಮುಂದೆ ಹೋಯಿತು. ಅಕ್ಕೋರು ಅದರ ಪಕ್ಕದಲ್ಲೇ ನಡೆದರು. "ನಡಿಯವ್ವಾ, ನಡಿ," ಎಂದರು. ಹಳ್ಳಕ್ಕೆ ಇನ್ನು ಐವತ್ತು ಹೆಜ್ಜೆಯೂ ಇರಲಿಲ್ಲ.

"ಅಯ್ಯಯ್ಯ! ಅಕ್ಕೋರ ಮನೀ ಯಂತ್ರ ಕೆಟ್ಟೈತಿ! ಓಡಿ ಬರ್ರೋ!"

ಕೂಗಿದವಳು ಸಾವಂತ್ರೆವ್ವ, ಅಕ್ಕೋರ ಹಳೆಯ ವಿದ್ಯಾರ್ಥಿನಿ. ಓಣಿಗೆ ಓಣಿಯೇ ಕೊಡ, ಬಕೀಟು ಹಿಡಿದು ಹೊರಗೆ ಬಿತ್ತು. ಯಾರೋ ಉಸುಕಿನ ಚೀಲ ಅಡ್ಡ ಹಾಕಿ ನೀರು ತಡೆದರು. ತಂಬಿಗೆಯಲ್ಲಿ ಬಳಿದರು, ಕೊನೆಗೆ ಬಟ್ಟೆ ಅದ್ದಿ ಹಿಂಡಿದರು.

"ಬಿಡ್ರೋ ನಮ್ಮಪ್ಪಾ, ಹೋಗಗೊಡ್ರಿ!" ಎಂದು ಅಕ್ಕೋರು ಚೀರಿದ್ದು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ತುಂಬಿದ ಕೊಡಗಳೆಲ್ಲ ಅಕ್ಕೋರ ಮನೆಯ ಕಟ್ಟೆಯ ಮೇಲೆ ಬಂದು ಕೂತವು.

"ಅದು ಹಳ್ಳಕ್ಕ ಬಿಟ್ಟ ನೀರವ್ವಾ, ಸಾವಂತ್ರಿ," ಎಂದರು ಅಕ್ಕೋರು.

ಸಾವಂತ್ರೆವ್ವ ತನ್ನ ಸೆರಗಿನ ತುದಿಯನ್ನೂ ಕೊಡಕ್ಕೆ ಹಿಂಡಿ ನಕ್ಕಳು. "ನಾವೂ ಹಳ್ಳಕ್ಕಂತನ ಉಳಿಸಿದ್ದಲ್ರೀ ಅಕ್ಕೋರ? ಒಂದ ಹನೀನೂ ಹೋಗಗೊಟ್ಟಿಲ್ಲ, ನೋಡ್ರಿ."

ಇಡೀ ಓಣಿ, ತೋಯ್ದ ಕೈ ಒರೆಸಿಕೊಳ್ಳುತ್ತ, ಅಕ್ಕೋರ ಮುಖವನ್ನೇ ನೋಡುತ್ತ ನಿಂತಿತ್ತು. ಅವರು ಹೇಳಹೊರಟದ್ದೇ ಬೇರೆ. ಮೂವತ್ತೊಂದು ವರ್ಷ ಮಕ್ಕಳನ್ನು ಹೊಗಳಿದ ರೂಢಿಯಿಂದ ನಾಲಿಗೆ ತಾನಾಗಿ ಹೊರಳಿತು.

"ಶಾಣ್ಯಾರದೀರಿ," ಎಂದರು ಅಕ್ಕೋರು.