ನೊರೆ ಹೊದ್ದ ಮನೆ

“ಹೋದ ಬ್ಯಾಸಗಿಯೊಳಗ ಗುಡ್ಡದ ಬೆಂಕಿ ಈ ಹೊಚ್ಚಲತನಾ ಬಂತ್ರೀ ಡಾಕ್ಟರವ್ವಾರ. ‘ಯಾರ ಮನಿ ಇದು, ಗೊತ್ತೈತೇನ?’ ಅಂತ ಒಂದ ಮಾತು ಕೇಳಿದೆ. ಬೆಂಕಿ ಹೊರಗ ಚಪ್ಪಲ್ ಬಿಟ್ಟು, ಕೈಮುಗಿದು, ‘ತಪ್ಪಾತ್ರೀ ಯಜಮಾನ್ರ’ ಅಂತ ಬಂದ ಹಾದಿಲೆ ಹೊಳ್ಳಿ ಹೋತು!”

ಗುದ್ಲೆಪ್ಪ ಹೀಗೆ ಹೇಳುತ್ತಿದ್ದಾಗ ಅವನ ಬೆನ್ನ ಹಿಂದೆ ಮನೆಯೇ ಮಾಯವಾಗುತ್ತಿತ್ತು. ಮಾಳಿಗೆಯ ನಾಲ್ಕು ಮೂಲೆಯ ಕೊಳವೆಗಳಿಂದ ಬುಸ್ಸೆಂದು ನುಗ್ಗಿದ ಬಿಳಿ ನೊರೆ ಗೋಡೆ, ಕಿಟಕಿ, ಕದಗಳನ್ನೆಲ್ಲ ಮುಚ್ಚಿತು. ಎರಡು ನಿಮಿಷದಲ್ಲಿ ಅಲ್ಲೊಂದು ಹತ್ತಿಯ ರಾಶಿ ನಿಂತಿತ್ತು.

ಅದು ‘ನೊರೆಗವಚ’. ಇಸವಿ ಎರಡು ಸಾವಿರದ ಅರವತ್ತೊಂದರ ಹೊತ್ತಿಗೆ ಕಪ್ಪತಗುಡ್ಡದ ಬೇಸಿಗೆ ಹೇಗಿತ್ತೆಂದರೆ, ಒಣಹುಲ್ಲು ಬೀಡಿಯ ಹೆಸರು ಕೇಳಿದರೂ ಹೊತ್ತಿಕೊಳ್ಳುತ್ತಿತ್ತು. ಕಾಡ್ಗಿಚ್ಚಿಗೆ ಮನೆಗಳು ಬಲಿಯಾಗುವುದು ಹೆಚ್ಚಾಗಿ ಗಾಳಿ ಹೊತ್ತು ತರುವ ಕಿಡಿಗಳಿಂದ. ಮಾಳಿಗೆಯ ಮೇಲೆ ಕೂತ ‘ಕಿಡಿಗಣ್ಣು’ ಎಂಬ ತಾಪಗ್ರಾಹಿ ಅಂಥ ಕಿಡಿಯನ್ನು ದೂರದಿಂದಲೇ ಗುರುತಿಸುತ್ತದೆ. ಒಡನೆ ಟಾಕಿಯಲ್ಲಿರುವ ಹುರುಳಿಯ ಸತ್ವ, ಉಪ್ಪು, ನೀರು ಕಲೆತು ನೊರೆಯಾಗಿ ಮನೆಯನ್ನು ಹೊದಿಸುತ್ತವೆ. ಆರು ತಾಸು ಆ ಹೊದಿಕೆ ಒಣಗದು.

ಇದನ್ನು ಕಂಡುಹಿಡಿದ ಡಾ. ವೈಜಯಂತಿ ಹೋದ ವರ್ಷ ಗಾಳಿಗುಂಡಿ ಎಂಬ ಈ ಊರಿನಲ್ಲಿ ಪ್ರಯೋಗಕ್ಕೆಂದು ಗುದ್ಲೆಪ್ಪನ ಮನೆಯೊಂದಕ್ಕೇ ಅದನ್ನು ಜೋಡಿಸಿದ್ದರು. ಆಮೇಲೆ ಗುಡ್ಡ ಹೊತ್ತಿ ಉರಿದರೂ ಆ ಮನೆಗೆ ಮಸಿ ಕೂಡ ತಾಗಲಿಲ್ಲ. ಮೊದಲ ಮಾದರಿಗೆ ನೆನಪಿನ ಚಿಪ್ ಇರಲಿಲ್ಲವಾದ್ದರಿಂದ ಆ ದಿನ ನಡೆದದ್ದಕ್ಕೆ ದಾಖಲೆಯೆಂದರೆ ಗುದ್ಲೆಪ್ಪನ ನಾಲಿಗೆ ಮಾತ್ರ. ಇಂದು ವೈಜಯಂತಿ ಹೊಸ ಮಾದರಿ ತಂದು, ಟಾಕಿ ತುಂಬಿ, ಪರೀಕ್ಷೆ ನಡೆಸಿದ್ದರು.

“ಸುತ್ತಲಿನ ಹತ್ತು ಊರು ಉಳಿಸೀನ್ರೀ ನಾ,” ಎಂದ ಗುದ್ಲೆಪ್ಪ.

“ಹತ್ತು ಊರು ಉಳಿಸಿದ ಮನಶಾಗ ಮುಂಜಾನಿ ಒಲಿ ಮ್ಯಾಲಿನ ಹಾಲು ಉಳಸಾಕ ಆಗಲಿಲ್ಲ,” ಎಂದಳು ಹೆಂಡತಿ ನೀಲವ್ವ.

ವೈಜಯಂತಿ ನಕ್ಕರು. “ಮುಂದಿನ ವಾರ ಗುಡ್ಡದ ಇಳಿಜಾರಿನ ಹನ್ನೆರಡು ಮನೆಗಳಿಗೂ ಜೋಡಿಸುತ್ತೇವೆ.”

ಆ ಹನ್ನೆರಡರಲ್ಲಿ ಒಂದು ಗುದ್ಲೆಪ್ಪನ ತಂಗಿ ಪಾರವ್ವನದು. ಪರೀಕ್ಷೆ ನೋಡಲು ಬಂದಿದ್ದ ಅವಳ ಮುಖ ಅರಳಿತು. “ಹಂಗಾರ ಅಣ್ಣಾ, ಈ ಸಲ ಮನಿ ಸುತ್ತ ಹುಲ್ಲು ಕೊಯ್ಯೂದ ಬ್ಯಾಡ. ಎದಿಮಟಾ ಬೆಳದೈತಿ. ಮೊಣಕಾಲು ಹಿಡಕೊಂಡು ನಾ ಎಲ್ಲಿ ಬಗ್ಗಲಿ? ಬಣವಿನೂ ಗ್ವಾಡಿಗೆ ಹಚ್ಚೇ ಇರಲಿ. ಮನ್ಯಾಗ ಮಗಳು ಬಾಣಂತಿ ಅದಾಳ, ಕೂಸಿಗೆ ಇನ್ನಾ ಇಪ್ಪತ್ತ ದಿನ. ನಿನ್ನ ಮಿಶಿನ್ ಐತೆಲ್ಲ, ನಿಶ್ಚಿಂತಿ!”

ಗುದ್ಲೆಪ್ಪ ಮೀಸೆ ತಿರುವಲು ಎತ್ತಿದ ಕೈ ಅರ್ಧಕ್ಕೇ ನಿಂತಿತು.

“ಒಂದೇ ಪ್ರಶ್ನೆ, ಗುದ್ಲೆಪ್ಪನವರೇ,” ವೈಜಯಂತಿ ಕೇಳಿದರು. “ಆ ದಿನ ನಿಮ್ಮ ಮನೆ ಉಳಿಸಿದ್ದು ಬರೀ ನೊರೆಯೇ ತಾನೆ? ನಿಮ್ಮ ಮಾತಿನ ಮೇಲೆಯೇ ವರದಿ ಬರೆಯುತ್ತೇನೆ.”

ಗುದ್ಲೆಪ್ಪ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳತೊಡಗಿದ. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಧೂಳೆದ್ದಿತು. ಮುನ್ನೂರು ಕುರಿಗಳು ಕುರುಬನನ್ನು ಹಿಂದೆ ಹಾಕಿ ಓಡಿಬಂದು ಮನೆಯನ್ನು ಮುತ್ತಿದವು. ಉಪ್ಪಿನ ಹುರುಳಿ ನೊರೆಯನ್ನು ಗೋಡೆಗೆ ನಾಲಿಗೆ ಹಚ್ಚಿ ನೆಕ್ಕಿದವು. ನೆಕ್ಕಲು ಜಾಗ ಸಿಗದವು ಸುತ್ತಲಿನ ಹುಲ್ಲನ್ನು ಬೇರುಸಹಿತ ಬೋಳಿಸತೊಡಗಿದವು.

“ಅಯ್ಯ, ಬುಸ್ ಅಂದ್ರ ಸಾಕು, ಪ್ರತಿ ಸಲ ಹಿಂಗ ಬರತಾವ್ರೀ,” ಎಂದಳು ನೀಲವ್ವ.

ವೈಜಯಂತಿ ತಿರುಗಿದರು. “ಪ್ರತಿ ಸಲ? ಬೆಂಕಿ ಬಂದದ್ದು ಒಂದೇ ಸಲ ಅಲ್ಲವೇ?”

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಲ್ಲರೂ ಗುದ್ಲೆಪ್ಪನನ್ನೇ ನೋಡಿದರು. ಅವನು ಮಾತ್ರ ತಂಗಿಯನ್ನು ನೋಡಿದ.

“ಪಾರವ್ವಾ, ಹುಲ್ಲು ಕೊಯ್ಯಬೇಕವಾ. ಬಣವಿನೂ ದೂರ ಒಟ್ಟು. ನಾನ ಬಂದು ಕೊಯ್ದು ಕೊಡತೀನಿ.” ಆಮೇಲೆ ವೈಜಯಂತಿಯವರತ್ತ ತಿರುಗಿ ತಲೆ ಕೆರೆದುಕೊಂಡ. “ಬೀಗರು ಬರತಿದ್ರು, ನೆಂಟರು ಬರತಿದ್ರು. ಬರೇ ಚಾ ಕುಡಿಸಿ ಹೆಂಗ ಕಳಸೂದ್ರೀ? ಊದಿನಕಡ್ಡಿ ಹಚ್ಚಿ ಕಿಡಿಗಣ್ಣಿಗೆ ಹಿಡದು ತೋರಸ್ತಿದ್ದೆ. ಹೆಂಡತಿ ಕಡೀ ಬೀಗರಿಗೆ ತೋರಸೂದ್ರಾಗ ಟಾಕಿ ಖಾಲಿ ಆತು. ಎಂಟ ದಿನಕ್ಕ ಬೆಂಕಿ ಬಂತು. ಅಷ್ಟರಾಗ ಈ ಕುರಿ ನೊರಿ ನೆಕ್ಕಾಕ ಬಂದು ಬಂದು, ನೂರು ಮಾರು ಸುತ್ತ ಒಂದ ಹುಲ್ಲಕಡ್ಡಿ ಬಿಟ್ಟಿದ್ದಿಲ್ಲ. ನನ್ನ ಬಣವಿ ಸೈತ ತಿಂದಿದ್ದವು. ತಿನ್ನಾಕ ಏನೂ ಸಿಗದ ಬೆಂಕಿ ಅಲ್ಲೇ ಸತ್ತಿತ್ರೀ.”

“ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ ಹಾಗೆ, ಮನೆ ಸುತ್ತ ಕುರಿ ನಿಲ್ಲಿಸಬಹುದು ಅಂತಾಯಿತು,” ಎಂದು ವೈಜಯಂತಿ ಬೆರಗಿನಿಂದ ಬರೆದುಕೊಂಡರು.

“ಅದಿರಲಿ ಅಣ್ಣಾ,” ಎಂದಳು ಪಾರವ್ವ. “ಬೆಂಕಿ ಮಾತಾಡಿಸೇನಿ ಅಂದ್ಯಲ್ಲ, ಆವಾಗ ನೀ ಎಲ್ಲಿದ್ದಿ?”

“ಕೆರಿಯಾಗವಾ. ಕುತ್ತಿಗಿಮಟಾ ನೀರಾಗ, ನಮ್ಮ ಎಮ್ಮಿ ಬಾಲ ಹಿಡಕೊಂಡು. ಖರೇ ಹೇಳಬೇಕಂದ್ರ, ಅಂಜಿ ಒದರಿದ್ದು ಎಮ್ಮಿ ಅಲ್ಲ, ನಾನು.”