ಹಸಿರು ಪಟ್ಟಿಯ ಬಲ್ಬು

1982ರ ನವೆಂಬರ್ 18, ಗುರುವಾರ, ಬೆಳಗಾವಿಯ ಶಾಂತಿ-ಸುವ್ಯವಸ್ಥೆಗೆ ಗಂಭೀರ ಧಕ್ಕೆಯೊದಗಿತು: ಕ್ಯಾಂಪ್ ಬಡಾವಣೆಯಲ್ಲಿ ಅರವತ್ತು ವ್ಯಾಟಿನ ಒಂದು ಬಲ್ಬು ಕಳುವಾಯಿತು. ಬೆಳಿಗ್ಗೆ ಒಂಬತ್ತಕ್ಕೇ ಠಾಣೆಗೆ ದೂರು ತಂದವರು ಚನ್ನಬಸಯ್ಯ. ಅವರು ರಕ್ತ ಪರೀಕ್ಷೆಯ ಲ್ಯಾಬಿನ ಮಾಲೀಕರು, ಓಣಿಯ ಗಣಪತಿ ಮಂಡಳಿಯ ಅಧ್ಯಕ್ಷರು. ಸಾಕ್ಷ್ಯವೆಂದು ಕರವಸ್ತ್ರದಲ್ಲಿ ಇನ್ನೊಂದು ಬಲ್ಬು ಸುತ್ತಿಕೊಂಡು ಬಂದಿದ್ದರು.

“ಅದನ್ನ ಒಯ್ದು ಇದನ್ನ ಹಾಕ್ಯಾನರೀ.”

ಅದು ಮಲಗುವ ಕೋಣೆಗೆ ಹಾಕುವ ಜೀರೋ ಬಲ್ಬು. ಪೇದೆ ದುಂಡಪ್ಪನಿಗೆ ನಗು ತಡೆಯಲಾಗಲಿಲ್ಲ.

“ಭಾಳ ಪ್ರಾಮಾಣಿಕ ಕಳ್ಳ ಬಿಡ್ರಿ ಸಾಹೇಬ್ರ. ಒಂದ ಒಯ್ದು ಒಂದ ಕೊಟ್ಟಾನ. ನಮ್ಮ ಮಾವ ನನಗ ಇಷ್ಟೂ ಕೊಟ್ಟಿಲ್ಲ.”

ಸಬ್ ಇನ್ಸ್‌ಪೆಕ್ಟರ್ ಗುರುಪುತ್ರಪ್ಪನವರೂ ಮೀಸೆಯಡಿ ನಕ್ಕರು. ಕೋಳಿ ಕದ್ದವರನ್ನು, ಸೈಕಲ್ ಕದ್ದವರನ್ನು, ಒಮ್ಮೆ ಕರ್ನಲ್ ಸಾಹೇಬರ ಹುಲಿಚರ್ಮ ಕದ್ದವನನ್ನೂ ಹಿಡಿದವರು ಅವರು. ಬದಲಿ ವಸ್ತು ಇಟ್ಟುಹೋದ ಕಳ್ಳನನ್ನು ಮಾತ್ರ ಕಂಡಿರಲಿಲ್ಲ. ಅದೇ ಮನಸ್ಸಿಗೆ ಚುಚ್ಚಿತು.

“ಬಲ್ಬು ಎಲ್ಲಿತ್ರೀ?”

“ಕಟ್ಟಿಗಿ ಪೆಟ್ಟಿಗ್ಯಾಗ.”

“ಪೆಟ್ಟಿಗ್ಯಾಗ ಬೆಳಕು ಯಾಕ ಬೇಕಿತ್ತು?”

“ಬೆಳಕಲ್ಲರೀ, ಕಾವು.” ಚನ್ನಬಸಯ್ಯನವರ ದನಿ ಇಳಿಯಿತು. “ನನ್ನ ಮೊಮ್ಮಗನ ರಕ್ತ ಐತ್ರಿ ಅದರಾಗ.”

ದುಂಡಪ್ಪ ನಗು ನಿಲ್ಲಿಸಿದ.

ಮಗಳಿಗೆ ಸೋಮವಾರ ಹೆರಿಗೆಯಾಗಿತ್ತು. ಮರುದಿನ ಸಂಜೆಯಿಂದ ಕೂಸು ಹಾಲು ಬಿಟ್ಟಿತು, ಮೈ ತಣ್ಣಗಾಯಿತು, ಅಳುವುದನ್ನೂ ನಿಲ್ಲಿಸಿತು. ಜ್ವರ ಮಾತ್ರ ಇರಲಿಲ್ಲ.

“ದೊಡ್ಡವರಿಗೆ ರಕ್ತಕ್ಕ ನಂಜು ಏರಿದ್ರ ಮೈ ಸುಡತೈತಿ. ಹಸುಗೂಸಿಗೆ ಒಮ್ಮೊಮ್ಮಿ ಹಿಂಗ ತಣ್ಣಗ ಆಗತೈತಿ ಅಷ್ಟ. ಖರೇನ ನಂಜೋ ಅಲ್ಲೋ ಅಂತ ತಿಳೀಬೇಕಂದ್ರ ರಕ್ತದಾಗಿನ ಕ್ರಿಮಿ ಬೆಳಸಿ ನೋಡಬೇಕು. ಮಾಂಸದ ಸಾರಿನಂಥಾ ದ್ರವದ ಬಾಟಲ್ಯಾಗ ನಾಕ ಹನಿ ರಕ್ತ ಬಿಟ್ಟು, ಮೈಕಾವಿನಾಗ ಎರಡ ದಿನ ಇಡೂದು. ಕದಡಿದ್ರ ಕ್ರಿಮಿ ಅದಾವು. ತಿಳಿ ಇದ್ರ ಇಲ್ಲ. ಇಲ್ಲ ಅಂದ್ರ ಡಾಕ್ಟರು ನಂಜಿಗೆ ಕೊಡೂ ಸೂಜಿ ನಿಲ್ಲಸ್ತಾರ.”

“ಕಾವು ಇಲ್ಲಂದ್ರ?”

“ಕ್ರಿಮಿ ಇದ್ರೂ ಬೆಳ್ಯಾಂಗಿಲ್ಲ.”

“ಅಂದ್ರ ನೀವು ಕ್ರಿಮಿ ಇಲ್ಲ ಅಂತ ಬರೀತಿದ್ರಿ.”

ಚನ್ನಬಸಯ್ಯ ತಲೆಯಾಡಿಸಿದರು. ಪೆಟ್ಟಿಗೆಯ ತೂತಿನಲ್ಲಿ ಬೆಳಕು ಕಂಡರೆ ಎಲ್ಲವೂ ಸರಿಯಿದೆ ಎಂದುಕೊಳ್ಳುವುದು ಅವರ ರೂಢಿ. ಜೀರೋ ಬಲ್ಬೂ ಬೆಳಕು ಕೊಡುತ್ತಿತ್ತು; ಇಂದು ಮುಚ್ಚಳ ತೆಗೆದು ಕೈಯಿಟ್ಟಾಗಲೇ ಒಳಗೆ ತಣ್ಣಗಿರುವುದು ತಿಳಿದದ್ದು.

“ದುಂಡಪ್ಪಾ, ಸೈಕಲ್ ತಗೊಂಡು ದವಾಖಾನಿಗೆ ಓಡು. ಬಾಟಲಿ ನಂಬಬ್ಯಾಡ್ರಿ, ಸೂಜಿ ನಿಲ್ಲಸಬ್ಯಾಡ್ರಿ ಅಂತ ಡಾಕ್ಟರಿಗೆ ಹೇಳು. ಎಫ್‌ಐಆರ್ ಆಮ್ಯಾಲ.”

ಹನ್ನೊಂದಕ್ಕೆ ಲ್ಯಾಬಿನಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಬಲ್ಬಿನ ಹೋಲ್ಡರಿಗೆ ಮಾತ್ರ ಹೊಸ ಕರಿ ಟೇಪು ಸುತ್ತಿತ್ತು. ಚನ್ನಬಸಯ್ಯನವರ ಅನುಮಾನ ಕಸ ಹೊಡೆಯುವ ನಿಂಗವ್ವನ ಮೇಲೆ.

“ನಾ ಒಯ್ದು ಎಲ್ಲಿ ಹಾಕ್ಲಿರಿ? ನಮ್ಮ ಮನ್ಯಾಗ ಕರೆಂಟ ಇಲ್ಲ,” ಎಂದಳು ಆಕೆ.

“ನಿನ್ನೆ ಯಾರ ಬಂದಿದ್ರು?” ಎಂದು ಗುರುಪುತ್ರಪ್ಪ ಕೇಳಿದರು.

“ಯಾರೂ ಬಂದಿಲ್ಲ,” ಎಂದರು ಚನ್ನಬಸಯ್ಯ.

“ವೈರಮನ್ ನಾಗಲಿಂಗ ಬಂದಿದ್ದನಲ್ರೀ ಅಪ್ಪಾರ,” ಎಂದಳು ನಿಂಗವ್ವ.

“ಅವ ನಮ್ಮ ಮನಷ್ಯಾ. ವರ್ಷಾ ವರ್ಷಾ ನಮ್ಮ ಗಣಪತಿ ಪೆಂಡಾಲಿಗೆ ಲೈಟ್ ಹಾಕಾಂವ. ಹೋಲ್ಡರ್ ಸಡ್ಲಾಗಿತ್ತು, ಲಗೂ ಮಾಡಪಾ, ಮೊಮ್ಮಗನ ರಕ್ತ ಐತಿ ಅಂದೆ. ಪೆಟ್ಟಿಗ್ಯಾಗ ಬಲ್ಬು ಯಾಕಂತ ಕೇಳಿದ. ಎಲ್ಲಾ ಬಿಡಿಸಿ ಹೇಳಿದೆ. ಆಮ್ಯಾಲ ಅವಗ ಚಾ ಹೇಳಾಕ ಹೊರಗ ಹೋದೆ.”

“ಅವ ಚಾ ಕುಡೀಲಿಲ್ಲರೀ, ಹಂಗೇ ಹೋದ,” ಎಂದಳು ನಿಂಗವ್ವ. “ನಾನ ಕುಡದ್ನಿ.”

ಗುರುಪುತ್ರಪ್ಪ ಪೆಟ್ಟಿಗೆಯ ಮುಚ್ಚಳ ಇಳಿಸಿದರು.

“ಬಲ್ಬಿಗೆ ಗುರುತು ಏನರ?”

“ತಗಡಿನ ಬುಡಕ್ಕ ಹಸಿರು ಬಣ್ಣದ ಪಟ್ಟಿ ಬಳದೀನಿ. ಬ್ಯಾರೆ ಕೆಲಸಕ್ಕ ಯಾರೂ ಒಯ್ಯಬಾರದಂತ.”

“ಹಿಂದ ಯಾರರ ಒಯ್ದಿದ್ರೇನು?”

ಚನ್ನಬಸಯ್ಯ ಕನ್ನಡಕ ತೆಗೆದು ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು.

“ಹ್ವಾದ ವರ್ಷ ಗಣಪತ್ಯಾಗ... ಕಮಾನಿನ ಬಲ್ಬು ಸುಟ್ಟಿತ್ತು. ಬಜಾರ ಬಂದ್. ಆರತಿ ಹೊತ್ತಿಗೆ ಕತ್ತಲಿ ಇದ್ರ ಮಂಡಳಿ ಮರ್ಯಾದಿ ಏನಾಗಬೇಕ್ರಿ? ನಾನ ಒಯ್ದು ಕೊಟ್ಟಿದ್ದೆ. ವಿಸರ್ಜನಿ ಆದಮ್ಯಾಲ ತಂದು ಹಾಕಿದೆ.”

“ಆವಾಗ ಪೆಟ್ಟಿಗ್ಯಾಗ ಯಾರ ರಕ್ತ ಇತ್ತು?”

“ನೆನಪಿಲ್ಲರೀ.”

ನಾಗಲಿಂಗನ ಊರು ಗುಂಜಿ; ಮಧ್ಯಾಹ್ನದ ರೈಲಿಗೆ ಗುರುಪುತ್ರಪ್ಪ ಮತ್ತು ದುಂಡಪ್ಪ ಹೊರಟರು. ಖಾನಾಪುರದಲ್ಲಿ ಅಲ್ಲಿನ ಠಾಣೆಯ ಪೇದೆಯೊಬ್ಬ ಜತೆಗೂಡಿದ. ಮೂವರೂ ಗುಂಜಿಯಲ್ಲಿ ಇಳಿದರು.

ನಾಗಲಿಂಗನ ಮನೆ ಸ್ಟೇಶನ್ನಿನ ಹಿಂದೆ, ಕಾಡು ಶುರುವಾಗುವಲ್ಲಿ. ಬಾಗಿಲಲ್ಲಿ ಅವನ ಹೆಂಡತಿ ಕಾಡವ್ವ ನಿಂತಿದ್ದಳು.

“ಅವ ನಿನ್ನಿಯಿಂದ ಉಂಡಿಲ್ಲರೀ. ಹಗಲೊತ್ತಿನ್ಯಾಗೂ ಅದನ್ನ ಆರಸಾಕ ಬಿಡವಲ್ಲ.”

ಒಳಗೆ, ತೊಟ್ಟಿಲು ಕಟ್ಟುವ ತೊಲೆಯ ಕೊಂಡಿಯಿಂದ ಬಲ್ಬೊಂದು ಇಳಿಬಿದ್ದು ಉರಿಯುತ್ತಿತ್ತು. ಬುಡಕ್ಕೆ ಹಸಿರು ಪಟ್ಟಿ. ತೊಟ್ಟಿಲು ಇರಲಿಲ್ಲ. ಕೆಳಗೆ ನಾಗಲಿಂಗ ಗೋಡೆಗೊರಗಿ ಕೂತಿದ್ದ.

“ಯಾಕ ತಗದಿ?”

“ಹ್ವಾದ ವರ್ಷ ನಾನ ಇದನ್ನ ಕಮಾನಿಗೆ ಹಾಕಿದ್ನಿರೀ. ಹತ್ತಿದ ಕೂಡ್ಲೆ ಮಂದಿ ಚಪ್ಪಾಳಿ ಹೊಡದ್ರು. ಆವಾಗ ನನ್ನ ಮಗಳು ದವಾಖಾನ್ಯಾಗ ಇದ್ಲು, ಎಂಟ ದಿನದ ಕೂಸು. ರಕ್ತ ಇವರ ಲ್ಯಾಬಿಗೇ ಕಳಿಸಿದ್ರು. ಕ್ರಿಮಿ ಇಲ್ಲ ಅಂತ ಬಂತು, ಸೂಜಿ ನಿಲ್ಲಿಸಿದ್ರು. ನಾ ಪೆಂಡಾಲದಾಗೆಲ್ಲಾ ಕುಂದಾ ಹಂಚಿದ್ನಿ ಸಾಹೇಬ್ರ. ಮರುದಿನ ಹೋದ್ಲು. ನಿನ್ನಿ ಪೆಟ್ಟಿಗಿ ತಗದ್ನಿ, ಹಸಿರು ಪಟ್ಟಿ ಕಂಡಿತು.”

“ಅವರು ತಿಳೀದ ಮಾಡಿದ್ರು. ನೀ ತಿಳದ ಮಾಡಿದಿ.”

“ಕ್ರಿಮಿ ಬೆಳ್ಯಾಕ ಕಾವು ಬೇಕಂತ ಅವರಿಗೆ ಗೊತ್ತಿದ್ದಿಲ್ಲೇನ್ರಿ? ಅವರ ನನಗ ಕಲಿಸಿದ್ರು.”

ಎಫ್‌ಐಆರ್‌ನಲ್ಲಿ ಇದಕ್ಕೆ ಯಾವ ಕಲಮೂ ಇರಲಿಲ್ಲ.

“ಆ ಕೂಸು ನಿನಗ ಏನ್ ಮಾಡಿತ್ತೋ?”

“ನಂದು ಅವರಿಗೆ ಏನ್ ಮಾಡಿತ್ತರೀ?” ಮೊದಲ ಸಲ ತಲೆಯೆತ್ತಿದ. “ಹೋತೇನ್ರಿ ಅದು?”

“ಇಲ್ಲ. ಸೂಜಿ ನಡದಾವು.”

ನಾಗಲಿಂಗ ಬಲ್ಬಿನತ್ತ ನೋಡಿದ.

“ಹಂಗಾರ ನನ್ನ ಸಂಕಟ ಅವರಿಗೇನೂ ತಿಳೀಲಿಲ್ಲ,” ಎಂದು ಎದ್ದು ಕೈ ಮುಂದೆ ಮಾಡಿದ. “ನಡೀರಿ, ಹೋಗೂಣು.”

ಬಲ್ಬು ಬಿಚ್ಚಲು ಹೋದ ದುಂಡಪ್ಪ ಬೆರಳು ಸುಟ್ಟುಕೊಂಡ. “ಭಾಳ ಕಾವು ಐತ್ರಿ ಸಾಹೇಬ್ರ.” ಗುರುಪುತ್ರಪ್ಪ ಅದನ್ನೂ ಪಂಚನಾಮೆಯಲ್ಲಿ ಬರೆಸಿದರು.

ಕೋರ್ಟಿನಲ್ಲಿ ಕಳವಿನ ಆರೋಪವೊಂದೇ ನಿಂತಿತು. ನಾಗಲಿಂಗನಿಗೆ ಆರು ತಿಂಗಳ ಸಜೆಯಾಯಿತು. ಮೊಮ್ಮಗ ಉಳಿದ. ಬಲ್ಬನ್ನು ಚನ್ನಬಸಯ್ಯನವರಿಗೆ ಮರಳಿಸಲಾಯಿತು. ನಾಗಲಿಂಗನ ಮಗಳ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ, ಪ್ರಕರಣ ದಾಖಲಾಗಲಿಲ್ಲ.