ಎಡಕ್ಕೆ ತಿರುಗಿದ ಮುಚ್ಚಳ

"ಇದು ಯಾರ ಕೆಲಸ?"

ಕೃಪಾ ಕೇಳಿದ್ದು ಅಷ್ಟೇ. ಹಾಳೆ ಕತ್ತರಿಸುವ ಡೈ ಕಟಿಂಗ್ ಮೆಷಿನ್ ಪಕ್ಕ ನಿಂತಿದ್ದ ಹನುಮೇಶ ಅವಳ ಅಂಗೈ ಮೇಲಿದ್ದ ಆರು ಮೂಲೆಯ ಕಾಗದದ ಡಬ್ಬಿ ನೋಡಿದ, ಅವಳ ಮುಖ ನೋಡಿದ, ತಲೆ ತಗ್ಗಿಸಿದ.

"ನಂದಲ್ರೀ ಮೇಡಂ."

ಜಿಗಣಿಯ ಆ ಕಾರ್ಟನ್ ಫ್ಯಾಕ್ಟರಿಯಲ್ಲಿ ಹಾಗೆ ಕೇಳಿದರೆ ಮಾಲು ರಿಜೆಕ್ಟ್ ಆಗಿದೆ, ಯಾರಿಗೋ ಬೈಗುಳ ಕಾದಿದೆ ಎಂದೇ ಅರ್ಥ. ಸ್ಯಾಂಪಲ್ ಸೆಕ್ಷನ್ನಿನ ಕೃಪಾಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಸೋಮವಾರದಿಂದ ಅವಳ ತಲೆ ಆ ಡಬ್ಬಿಯೊಳಗೇ ಸಿಕ್ಕಿಹಾಕಿಕೊಂಡಿತ್ತು.

ಕ್ಯಾಂಟೀನ್ ಟೇಬಲ್ ಮೇಲೆ ಯಾರೋ ಅದರಲ್ಲಿ ಸೋಂಪು ತುಂಬಿಟ್ಟಿದ್ದರು. ಅಂಟಿಲ್ಲ, ಕತ್ತರಿ ತಾಗಿಲ್ಲ. ತಳ ಎಲ್ಲರೂ ಮಡಿಸುವ ಹಳೆಯ ಷಟ್ಕೋನವೇ. ಮುಚ್ಚಳ ಮಾತ್ರ ಬೇರೆ. ಆರು ಎಸಳು, ಒಂದರ ಕೆಳಗೊಂದು ನುಸುಳಿಕೊಂಡು ಎಡಕ್ಕೆ ಸುತ್ತುತ್ತಿದ್ದವು. ಎಂಥ ಚೆಂದ! ಮುಚ್ಚಿ ತೆಗೆದು, ತೆಗೆದು ಮುಚ್ಚಿ ಅವಳ ಟೀ ಆರಿಹೋಯಿತು.

ಕಾಗದ ಮಡಿಸುವ ಕಲೆ, ಒರಿಗಾಮಿ, ಕೃಪಾಳ ಹುಚ್ಚು. ತಾನು ಮಡಿಸಿದ ಪ್ರತಿ ಡಬ್ಬಿಯ ಅಡಿಯಲ್ಲೂ ಅದನ್ನು ಮೊದಲು ಯೋಚಿಸಿದವರ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದಳು. ಅವಳ ಬೀರುವಿನಲ್ಲಿ ಹೆಸರಿಲ್ಲದ ಡಬ್ಬಿ ಒಂದೂ ಇರಲಿಲ್ಲ.

ಈ ನಡುವೆ ಮ್ಯಾನೇಜರ್ ರಾಜೇಂದ್ರ ಅದನ್ನು ನೋಡಿಬಿಟ್ಟರು. "ಸ್ವೀಟ್ ಅಂಗಡಿ ಆರ್ಡರ್‌ಗೆ ಸಕ್ಕತ್ತಾಗಿದೆ ಕಣ್ರೀ! ಶುಕ್ರವಾರ ಸ್ಯಾಂಪಲ್ ಕಳಿಸಿ. ಫಾರಂನಲ್ಲಿ ಡಿಸೈನರ್ ಅಂತ ನಿಮ್ಮ ಹೆಸರೇ ಹಾಕಿ."

"ನಾನು ಮಾಡಿದ್ದಲ್ಲ ಸಾರ್."

"ಯಾರೂ ಮಾಡಿಲ್ಲ ಅಂದ್ಮೇಲೆ ನಿಮ್ದೇ ಬಿಡಿ."

ಬೇರೆಯವರ ಬುದ್ಧಿಗೆ ತನ್ನ ಹೆಸರು ಹಚ್ಚುವುದೆಂದರೆ ಅವಳಿಗೆ ಮೈಯೆಲ್ಲ ಮುಳ್ಳು. ಶುಕ್ರವಾರದೊಳಗೆ ಆ ಕೈ ಯಾವುದೆಂದು ಗೊತ್ತಾಗಲೇಬೇಕಿತ್ತು. ಪುಸ್ತಕ ಜಾಲಾಡಿದಳು, ಒರಿಗಾಮಿ ಗುಂಪುಗಳಿಗೆಲ್ಲ ಫೋಟೋ ಕಳಿಸಿದಳು. ಜಪಾನಿನ ಒಬ್ಬ ಅಜ್ಜಿ ಮಾತ್ರ ಉತ್ತರ ಬರೆದರು: ನಾನೂ ಕಂಡಿಲ್ಲ, ಮಡಿಸಿದವರು ಎಡಚರಿರಬಹುದು.

ಕಾಗದ ಹನುಮೇಶನ ಮೆಷಿನ್ನಿನ ರಿಜೆಕ್ಟ್ ಹಾಳೆ ಎಂದು ತಿಳಿದು ಅವನನ್ನು ಕೇಳಿದರೆ ಅವನು ಹೀಗೆ ಕೈತೊಳೆದುಕೊಂಡಿದ್ದ. ಹಾಜರಿ ಪುಸ್ತಕದ ಹತ್ತಿರ ನಿಂತು ನೋಡಿದಾಗ ಎಡಗೈಯಲ್ಲಿ ಸಹಿ ಹಾಕುವವರು ಒಬ್ಬರೇ ಸಿಕ್ಕರು, ಪೇಸ್ಟಿಂಗ್ ಸೆಕ್ಷನ್ನಿನ ಚನ್ನಕ್ಕ.

"ಅಯ್ಯ ನಮ್ಮವ್ವಾ, ನಾ ಎಲ್ಲಿ ಮಾಡ್ಲಿ!" ಚನ್ನಕ್ಕ ನಕ್ಕಳು. "ನಮ್ಮ ಹನುಮೇಶಂದು ಅದು. ಊಟ ಅರ್ಧಕ್ಕ ಬಿಟ್ಟು ಮಡಚ್ಕೋತ ಕುಂದರ್ತಾನ."

ಗುರುವಾರ ಮಧ್ಯಾಹ್ನ ಕೃಪಾ ಕ್ಯಾಂಟೀನಿನಲ್ಲಿ ಅವನ ಟೇಬಲ್ಲಿಗೆ ಹೋಗಿ ಡಬ್ಬಿಯನ್ನು ಅವನ ಮುಂದಿಟ್ಟು ಎದುರಿನ ಬೆಂಚಿನಲ್ಲಿ ಕೂತಳು. ಈ ಸಲ ಪ್ರಶ್ನೆ ಕೇಳಲಿಲ್ಲ.

"ಇಂಥ ಮುಚ್ಚಳ ನಾನು ಎಲ್ಲೂ ನೋಡಿಲ್ಲ. ಇದನ್ನ ನೋಡಿದಾಗಿಂದ ನಂಗೆ ಬೇರೆ ಏನೂ ತಲೆಗೇ ಹೋಗ್ತಿಲ್ಲ."

ಹನುಮೇಶನ ಕಿವಿ ಕೆಂಪಾಯಿತು. "ಅಷ್ಟು ಚಲೋ ಆಗೇತೇನ್ರೀ?"

"ನಿಮ್ದೇ ಅಲ್ವಾ?"

"ಹೂಂ ರೀ. ಕಂಪನಿ ಹಾಳಿ ತಗೊಂಡೀನಿ ಅಂತ ಬೈತೀರೇನೋ ಅನ್ಕೊಂಡಿದ್ದೆ."

"ಇನ್ನೊಂದು ಮಾಡಿ."

ಅವನು ಮಡಿಸತೊಡಗಿದ. ಸ್ಕೇಲ್ ಇಲ್ಲ, ಗುರುತಿಲ್ಲ. ಉಗುರಂಚಿನಲ್ಲಿ ಮೆಷಿನ್ ಎಣ್ಣೆಯ ಕಪ್ಪಿದ್ದರೂ ಕಾಗದಕ್ಕೆ ಒಂದು ಕಲೆ ತಾಗಲಿಲ್ಲ. ದಿನವಿಡೀ ಅಷ್ಟು ದೊಡ್ಡ ಮೆಷಿನ್ನಿಗೆ ಹಾಳೆ ಕೊಡುವ ಕೈ ಇಷ್ಟು ಮೆತ್ತಗೆ ಇರಲು ಸಾಧ್ಯವೇ ಎಂದು ಕೃಪಾ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಆ ಕೈ ತನಗೆ ಇಷ್ಟವಾಯಿತು ಎಂಬುದು ಅವಳಿಗೆ ಆಗಲೇ ಗೊತ್ತಾಯಿತು. ಆಮೇಲೆ ಹೊಳೆಯಿತು, ಅವನು ಎಡಚನಲ್ಲ.

"ಊಟ, ಬರಹ ಎಲ್ಲಾ ಬಲಗೈಲೇ. ಇದು ಮಾತ್ರ ಯಾಕೆ ಎಡಕ್ಕೆ?"

ಅವನ ಬೆರಳು ನಿಂತವು.

"ಎದುರಿಗೆ ಕುಂತು ಕಲ್ತದ್ರೀ."

"ಯಾರೆದುರಿಗೆ?"

"ನೀವು ಊಟ ಆದ ಮ್ಯಾಲ ಆ ಕಿಟಕಿ ಹತ್ರ ಮಡಚ್ತೀರಲ್ರೀ. ನಾ ಇಲ್ಲಿ. ನಿಮ್ಮ ಬಲಗೈ ನನಗ ಎಡಕ್ಕ ಕಾಣ್ತದ. ಕನ್ನಡಿ ನೋಡಿದಂಗ ಹಂಗ ಕಲ್ತೆ."

"ಈ ಮುಚ್ಚಳ ನಾನು ಯಾವತ್ತೂ ಮಾಡಿಲ್ವಲ್ಲ?"

"ನೀವು ಮುಚ್ಚಳಕ್ಕ ಬರೂದ್ರಾಗ ನಮ್ಮ ಸೆಕ್ಷನ್ ಬೆಲ್ ಆಗ್ತಿತ್ರೀ. ಮುಂದಿಂದು ನಾನ ತಲಿ ಓಡಿಸಿ ಮಾಡ್ಕೊಂಡೆ."

ಕೃಪಾಗೆ ನಗು ಬಂತು. ಜಪಾನಿನವರೆಗೂ ಹುಡುಕಿ ಬಂದಿದ್ದಳು. ಇವನು ನಾಲ್ಕು ಟೇಬಲ್ ಆಚೆಗೇ ಕೂತಿದ್ದ.

"ಎಷ್ಟು ದಿನದಿಂದ ನೋಡ್ತಿದೀರ?"

"ಡಬ್ಬೀನೋ, ನಿಮ್ಮನ್ನೋ?" ಎಂದವನೇ ನಾಲಿಗೆ ಕಚ್ಚಿಕೊಂಡ.

"ಎರಡೂ ಹೇಳಿ."

"ಡಬ್ಬಿ ನೋಡಾಕ ಹತ್ತಿ ಎಂಟು ತಿಂಗಳಾತು. ನಿಮ್ಮನ್ನ... ಅದಕ್ಕಿಂತ ಮೊದಲಿಂದ್ರೀ. ಬರೀ ನೋಡ್ಕೋತ ಕುಂತ್ರ ಮಂದಿ ಏನಂತಾರ? ಅದಕ್ಕ ಕೈಯಾಗ ಕಾಗದ ಹಿಡ್ದೆ."

ಅವಳು ಸ್ಯಾಂಪಲ್ ಫಾರಂ ಬಿಡಿಸಿ ಡಿಸೈನರ್ ಎಂಬಲ್ಲಿ 'ಹನುಮೇಶ' ಎಂದು ದೊಡ್ಡದಾಗಿ ಬರೆದಳು.

"ನಿಮ್ಮ ಹೆಸ್ರೂ ಬರೀರಿ ಮೇಡಂ. ನಿಮ್ಮ ಕೈ ನೋಡೇ ಕಲ್ತದ್ದು."

"ಇಲ್ಲ. ಇದು ಪೂರ್ತಿ ನಿಮ್ದೇ." ಅವಳು ಫಾರಂ ಮಡಿಚಿದಳು. "ಇನ್ನೊಂದು ಮಾತು. ಇನ್ಮೇಲೆ ನನ್ನೆದುರು ಕೂತ್ಕೊಂಡು ನೋಡ್ಬೇಡಿ."

ಹನುಮೇಶನ ಮುಖ ಬಾಡಿತು. "ತಪ್ಪಾತೇನ್ರೀ?"

"ಹೂಂ. ಎದುರಿಗೆ ಕೂತ್ರೆ ಎಲ್ಲಾ ಉಲ್ಟಾ ಕಲೀತೀರ. ಪಕ್ಕದಲ್ಲಿ ಕೂತ್ಕೊಳ್ಳಿ."

ಹಾಗೆಂದವಳು ನಾಳೆಯವರೆಗೂ ಕಾಯದೆ ಬೆಂಚಿನಲ್ಲಿ ಒಂದಿಷ್ಟು ಸರಿದು ಪಕ್ಕದಲ್ಲಿ ಅವನಿಗೆ ಜಾಗ ಮಾಡಿದಳು.